ಮಾಡಿಫೈ ಮಾಡಿದ ಹಳೇ ಪಿಕಪ್‌ನಲ್ಲಿ ಪವರ್ ಸ್ಟೀರಿಂಗ್ ತೊಂದರೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಅಮೆರಿಕನ್ ಪಿಕಪ್‌ಗೆ ಹೊಸ ಎಂಜಿನ್, ಬೇರೆ ಸ್ಟೀರಿಂಗ್ ಬಾಕ್ಸು (ಸ್ಟೀರಿಂಗ್ ತಿರುವನ್ನು ಚಕ್ರಗಳ ಕೊಂಡಿಗೆ ದಾಟಿಸುವ ಗೇರುಪೆಟ್ಟಿಗೆ), ತಗ್ಗಿಸಿದ ಸಸ್ಪೆನ್ಷನ್ ಹಾಕಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಉದಾಹರಣೆಗೆ ಹಿಡಿದಿರುವುದು 1967ರಿಂದ 1987ರವರೆಗಿನ ಶೆವರ್ಲೆ ಸಿ-10 ಮತ್ತು ಅದರ ಜಿಎಂಸಿ ಜೋಡಿ ಗಾಡಿಯನ್ನು. ಫೋರ್ಡ್ ಎಫ್-100ಕ್ಕೂ ಹೆಚ್ಚಿನ ಮಾತು ಅನ್ವಯಿಸುತ್ತದೆ, ಆದರೆ ಅಳತೆಗಳು ಬೇರೆ. ಗೇಜು, ಪಾನಾ, ಪಾರ್ಟುಗಳೆಲ್ಲ ಇಂಚು ಮತ್ತು ಪಿಎಸ್‌ಐ (ಚದರ ಇಂಚಿಗೆ ಎಷ್ಟು ಪೌಂಡ್ ಒತ್ತಡ) ಲೆಕ್ಕದಲ್ಲೇ ಸಿಗುವುದರಿಂದ ಇಲ್ಲೂ ಅದೇ ಲೆಕ್ಕ.

ಮೊದಲೇ ಒಂದು ಮಾತು. ಮಾಡಿಫೈ ಮಾಡಿದ ಗಾಡಿಯಲ್ಲಿ ಕೆಟ್ಟುಹೋದ ಪಾರ್ಟಿಗಿಂತ ಒಂದಕ್ಕೊಂದು ಹೊಂದದ ಒಳ್ಳೇ ಪಾರ್ಟುಗಳಿಂದಲೇ ಹೆಚ್ಚು ತೊಂದರೆ. ಪಂಪು ಒಂದು ಗಾಡಿಯದು, ಬಾಕ್ಸು ಇನ್ನೊಂದು ಕಾಲದ್ದು, ಹೋಸು ಮೂರನೆಯವರು ಮಾಡಿಕೊಟ್ಟದ್ದು. ಎಲ್ಲವೂ ಹೊಚ್ಚ ಹೊಸದಾಗಿದ್ದರೂ ಗಾಡಿ ಸರಿಯಾಗಿ ತಿರುಗುವುದಿಲ್ಲ. ಪಂಪು ಬದಲಿಸಿ, ಬಾಕ್ಸು ಬದಲಿಸಿ ದುಡ್ಡು ಸುರಿಯುವ ಮುಂಚೆ ಕ್ರಮವಾಗಿ ನೋಡಿಕೊಂಡು ಬನ್ನಿ.

## ಮೊದಲು ನೋಡಬೇಕಾದ್ದು

ಸ್ಟೀರಿಂಗ್ ಗಟ್ಟಿಯಾಗಿದೆ. ಎಲ್ಲಿಂದ ಶುರು ಮಾಡಲಿ?

ಮುಂದಿನ ಟೈರುಗಳ ಗಾಳಿ, ಎಣ್ಣೆಯ ಮಟ್ಟ, ಬೆಲ್ಟು, ಇದೇ ಕ್ರಮದಲ್ಲಿ. ಬೆಲ್ಟು ಸಡಿಲವಿದ್ದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕೀಚಲು ಸದ್ದು ಬರುತ್ತದೆ. ವಿ-ಬೆಲ್ಟ್ ಆದರೆ ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಲ್ಲಿ ಒತ್ತಿದಾಗ ಸುಮಾರು ಅರ್ಧ ಇಂಚು ಬಾಗಬೇಕು. ಅಂಚು ಗಾಜಿನಂತೆ ಹೊಳೆಯುತ್ತಿದ್ದರೆ ಬಿಗಿಸಿ ಪ್ರಯೋಜನವಿಲ್ಲ, ಬದಲಿಸಿ. ಬಿಗಿಸುವಾಗ ಜನರಲ್ ಮೋಟರ್ಸ್‌ನ (ಜಿಎಂ) ಸ್ಟೀರಿಂಗ್ ವಿಭಾಗವಾದ ಸ್ಯಾಗಿನಾದ ಪಂಪಿನ ತಗಡಿನ ಟ್ಯಾಂಕಿಗೆ ಸಲಾಕೆ ಕೊಟ್ಟು ಮೀಟಬೇಡಿ. ತಗಡು ನೆಗ್ಗಿ ಹಿಂದಿನ ಸೀಲಿನಲ್ಲಿ ಸೋರಲು ಶುರುವಾಗುತ್ತದೆ. ಬ್ರಾಕೆಟ್ಟಿಗೆ ಕೊಟ್ಟು ಮೀಟಿ.

ಆಮೇಲೆ ಈ ಪರೀಕ್ಷೆ ಮಾಡಿ. ಹಿಂದಿನ ಚಕ್ರಗಳಿಗೆ ಅಡ್ಡಕಟ್ಟೆ ಕೊಟ್ಟು, ಮುಂಭಾಗ ಎತ್ತಿ, ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಎಂಜಿನ್ ಆಫ್ ಇಟ್ಟು ಸ್ಟೀರಿಂಗ್ ತಿರುಗಿಸಿ. ಚಕ್ರ ಗಾಳಿಯಲ್ಲಿದ್ದರೂ ಗಟ್ಟಿಯೇ ಇದ್ದರೆ ತೊಂದರೆ ಎಣ್ಣೆಯ ಒತ್ತಡದಲ್ಲಿಲ್ಲ, ಕಬ್ಬಿಣದಲ್ಲಿದೆ: ಬಾಲ್ ಜಾಯಿಂಟ್, ಐಡ್ಲರ್ ಆರ್ಮ್ (ಸ್ಟೀರಿಂಗ್ ಕೊಂಡಿಯ ಇನ್ನೊಂದು ತುದಿಯನ್ನು ಹೊತ್ತ ತೋಳು), ಕಾಲಮ್ಮಿನ (ಸ್ಟೀರಿಂಗ್ ವೀಲಿನ ಕಂಬದ) ಬೇರಿಂಗ್, ಅಥವಾ ಬಾಕ್ಸನ್ನು ಯಾರೋ ಅತಿಯಾಗಿ ಬಿಗಿಸಿದ್ದಾರೆ. ಹಗುರವಾಗಿ ತಿರುಗಿದರೆ ಪಂಪು, ಹೋಸು, ಬಾಕ್ಸಿನ ವಾಲ್ವು ಕಡೆ ನೋಡಿ. ಐದು ನಿಮಿಷದ ಈ ಪರೀಕ್ಷೆ ಅರ್ಧ ಅನುಮಾನಗಳನ್ನು ಕಳೆಯುತ್ತದೆ.

ಓಡುವಾಗ ಚೆನ್ನಾಗಿದೆ, ಪಾರ್ಕಿಂಗ್‌ನಲ್ಲಿ ಮಾತ್ರ ಕೈ ನೋವು ಬರೋಷ್ಟು ಗಟ್ಟಿ. ಯಾಕೆ?

ಐಡಲ್‌ನಲ್ಲಿ ಪಂಪು ಸಾಕಷ್ಟು ವೇಗವಾಗಿ ತಿರುಗುತ್ತಿಲ್ಲ. ಎಂಜಿನ್ನಿಗೆ ಚಿಕ್ಕ ಕ್ರ್ಯಾಂಕ್ ಪುಲ್ಲಿಯೋ ಪಂಪಿಗೆ ದೊಡ್ಡ ಪುಲ್ಲಿಯೋ ಹಾಕಿದ್ದಾರಾ ನೋಡಿ. ಅಂದಕ್ಕೆಂದು ಕೊಳ್ಳುವ ಬಿಲ್ಲೆಟ್ (ಇಡೀ ಗಟ್ಟಿಯಿಂದ ಕಡೆದ) ಪುಲ್ಲಿ ಸೆಟ್ಟುಗಳಲ್ಲಿ ಈ ಎಡವಟ್ಟು ಸಾಮಾನ್ಯ. ಎಂಜಿನ್ನನ್ನು 1,200 ಆರ್‌ಪಿಎಂಗೆ ಏರಿಸಿದಾಗ ಹಗುರವಾದರೆ ಉತ್ತರ ಸಿಕ್ಕಂತೆಯೇ.

ಇನ್ನೊಂದು ಕಾರಣ ಸ್ಟೀರಿಂಗ್ ವೀಲ್. 17 ಇಂಚಿನ ಹಳೇ ವೀಲ್ ತೆಗೆದು 14 ಇಂಚಿನದು ಹಾಕಿದರೆ ಕೈಗೆ ಬೀಳುವ ಭಾರ ಸುಮಾರು ಐದನೇ ಒಂದರಷ್ಟು ಏರುತ್ತದೆ. ಅದರ ಮೇಲೆ ಅಗಲ ಟೈರು ಸೇರಿದರೆ ಪಂಪಿನದೇನೂ ತಪ್ಪಿರುವುದಿಲ್ಲ.

ತಿರುಗಿಸಿದಾಗ ಪಂಪು ನರಳುತ್ತೆ, ಟ್ಯಾಂಕಿನ ಎಣ್ಣೆ ಹಾಲಿನ ಥರ ಆಗಿದೆ. ಪಂಪು ಹೋಯ್ತಾ?

ಇಲ್ಲ, ಎಣ್ಣೆಯೊಳಗೆ ಗಾಳಿ ಸೇರಿದೆ. ಆದರೆ ಹೀಗೇ ಓಡಿಸುತ್ತಾ ಹೋದರೆ ಪಂಪು ನಿಜವಾಗಿಯೂ ಹೋಗುತ್ತದೆ. ಗಾಳಿ ಮೂರು ದಾರಿಯಲ್ಲಿ ಬರುತ್ತದೆ: ಎಣ್ಣೆ ಕಡಿಮೆಯಿದ್ದಾಗ, ಟ್ಯಾಂಕಿನಿಂದ ಪಂಪಿಗೆ ಬರುವ ಹೋಸಿನ ಕ್ಲಾಂಪ್ ಸಡಿಲವಿದ್ದಾಗ, ರಿಟರ್ನ್ ಎಣ್ಣೆ ಟ್ಯಾಂಕಿನಲ್ಲಿ ಮೇಲಿನಿಂದ ಸುರಿದು ನೊರೆ ಎಬ್ಬಿಸಿದಾಗ. ಎರಡನೆಯದನ್ನು ಹಿಡಿಯುವುದು ಕಷ್ಟ. ಆ ಹೋಸಿನಲ್ಲಿ ಒತ್ತಡವಿಲ್ಲ, ಎಳೆತವಿದೆ. ಗಾಳಿ ಒಳಗೆ ಹೋದರೂ ಎಣ್ಣೆ ಹೊರಗೆ ಬರುವುದಿಲ್ಲ, ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಹಳೇ ಹೋಸಿನ ತುದಿ ಗಟ್ಟಿಯಾಗಿದ್ದರೆ ಅರ್ಧ ಇಂಚು ಕತ್ತರಿಸಿ ಹೊಸ ಕ್ಲಾಂಪ್ ಹಾಕಿ.

ಗಾಳಿ ತೆಗೆಯೋ ಸರಿಯಾದ ವಿಧಾನ ಯಾವುದು?

ಮುಖ್ಯವಾದದ್ದು ಎಂಜಿನ್ ಆಫ್ ಇಟ್ಟು ಶುರು ಮಾಡುವುದು. ಹೊಸ ಪಂಪು ಹಾಕಿ ನೇರವಾಗಿ ಸ್ಟಾರ್ಟ್ ಮಾಡಿದರೆ ಎಣ್ಣೆ ನಿಮಿಷದಲ್ಲಿ ನೊರೆಯಾಗುತ್ತದೆ, ಆಮೇಲೆ ಅದು ಇಳಿಯಲು ಗಂಟೆಗಟ್ಟಲೆ ಕಾಯಬೇಕು.

1. ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ. ಟ್ಯಾಂಕಿಗೆ ಎಣ್ಣೆ ತುಂಬಿ, ಕೆಲವು ನಿಮಿಷ ಹಾಗೇ ಬಿಡಿ.
2. ಎಂಜಿನ್ ಆಫ್ ಇದ್ದಂತೆಯೇ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ 20 ಸಲವಾದರೂ ತಿರುಗಿಸಿ. ಉದ್ದದ ಹೋಸು, ಕೂಲರ್ ಇದ್ದರೆ 40 ಸಲ. ಒಬ್ಬರು ತಿರುಗಿಸುವಾಗ ಇನ್ನೊಬ್ಬರು ಟ್ಯಾಂಕ್ ನೋಡುತ್ತಾ ಎಣ್ಣೆ ಸೇರಿಸುತ್ತಿರಲಿ.
3. ಗುಳ್ಳೆ ಬರುವುದು ನಿಂತ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಕೆಲವೇ ಸೆಕೆಂಡು ಓಡಿಸಿ, ಆಫ್ ಮಾಡಿ. ಮಟ್ಟ ನೋಡಿ, ತುಂಬಿ.
4. ಮತ್ತೆ ಸ್ಟಾರ್ಟ್ ಮಾಡಿ ಎರಡೂ ಕಡೆ ತಿರುಗಿಸಿ. ತುದಿಗೆ ಮುಟ್ಟಿಸಿ ಹಿಡಿದಿಡಬೇಡಿ. ಅಲ್ಲಿ ಪಂಪು ಪೂರ್ತಿ ಒತ್ತಡದಲ್ಲಿ ದುಡಿಯುತ್ತಿರುತ್ತದೆ. 5 ಸೆಕೆಂಡೇ ಹೆಚ್ಚು.

ಇಷ್ಟಾದರೂ ನೊರೆ ಹೋಗದಿದ್ದರೆ ಟ್ಯಾಂಕಿನ ಬಾಯಿಗೆ ರಬ್ಬರ್ ಬಿರಡೆ ಇಟ್ಟು ಕೈಪಂಪಿನಿಂದ 20 ಇಂಚು ಪಾದರಸದಷ್ಟು ವ್ಯಾಕ್ಯೂಮ್ ಎಳೆದು 5 ನಿಮಿಷ ಬಿಡಿ. ಅಡಗಿದ ಗಾಳಿ ಗುಳ್ಳೆಗುಳ್ಳೆಯಾಗಿ ಎದ್ದು ಬರುವುದು ಕಣ್ಣಿಗೇ ಕಾಣುತ್ತದೆ. ವ್ಯಾಕ್ಯೂಮ್ ತಾನಾಗಿ ಇಳಿಯುತ್ತಿದ್ದರೆ ಎಲ್ಲೋ ಗಾಳಿ ಎಳೆಯುವ ಜಾಗ ಉಳಿದಿದೆ ಎಂದೇ ಅರ್ಥ.

ಯಾವ ಎಣ್ಣೆ? ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ನಡೆಯುತ್ತಾ?

ಜಿಎಂ ಪಂಪು ಮತ್ತು ಬಾಕ್ಸಿಗೆ ಪವರ್ ಸ್ಟೀರಿಂಗ್ ಫ್ಲೂಯಿಡ್. ಫೋರ್ಡ್ ಮೂಲದ, ಬಾಕ್ಸಿನ ಬದಲು ಹಲ್ಲುಸರಳಿನಿಂದ ಚಕ್ರ ತಿರುಗಿಸುವ ಬಹುಪಾಲು ರ‍್ಯಾಕುಗಳು ಎಟಿಎಫ್ ಮೇಲೆ ಓಡಲೆಂದೇ ಮಾಡಿದವು. ಬಾಕ್ಸೋ ರ‍್ಯಾಕೋ ಮಾರಿದವರು ಏನು ಹೇಳಿದ್ದಾರೋ ಅದನ್ನೇ ಹಾಕಿ, ಬೆರೆಸಬೇಡಿ. ಬ್ರೇಕ್ ಎಣ್ಣೆಯಂತೂ ಹನಿಯೂ ಬೀಳಕೂಡದು: ಸೀಲುಗಳು ಊದಿಕೊಂಡು ಇಡೀ ವ್ಯವಸ್ಥೆ ಬಿಚ್ಚಬೇಕಾಗುತ್ತದೆ. ಸೋರಿಕೆ ನಿಲ್ಲಿಸುವ ಡಬ್ಬಿ ಔಷಧಿಯನ್ನೂ ನಾವು ಸೂಚಿಸುವುದಿಲ್ಲ. ಸೀಲನ್ನು ಮೆತ್ತಗಾಗಿಸಿ ಒಂದಷ್ಟು ದಿನ ದೂಡುತ್ತದೆ, ಅಷ್ಟೇ.

ಬಾಕ್ಸಿನ ಸುತ್ತ ಎಣ್ಣೆ. ಎಲ್ಲಿಂದ ಸೋರ್ತಿದೆ ಅಂತ ಗೊತ್ತಾಗ್ತಿಲ್ಲ.

ಎಣ್ಣೆ ಕೆಳಗೆ ಇಳಿದು, ಗಾಳಿಗೆ ಹಿಂದಕ್ಕೆ ಹಾರಿ, ಎಲ್ಲೆಲ್ಲೋ ಕಾಣಿಸುತ್ತದೆ. ಡಿಗ್ರೀಸರ್‌ನಿಂದ ಪೂರ್ತಿ ತೊಳೆದು, ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ. ಎಂಜಿನ್ ಓಡಿಸಿ ಎರಡೂ ಕಡೆ ನಾಲ್ಕೈದು ಸಲ ತಿರುಗಿಸಿದರೆ ಪೌಡರ್ ಎಲ್ಲಿ ಮೊದಲು ಒದ್ದೆಯಾಯಿತೋ ಅದೇ ಜಾಗ. ಪಿಟ್‌ಮನ್ ಆರ್ಮಿನ (ಬಾಕ್ಸಿನಿಂದ ಹೊರಟು ಸ್ಟೀರಿಂಗ್ ಕೊಂಡಿಯನ್ನು ತಳ್ಳುವ ತೋಳಿನ) ಶಾಫ್ಟ್ ಸೀಲ್ ಹೊಸದು ಹಾಕಿದ ಮೇಲೂ ಸೋರಿದರೆ ಸೀಲಿನ ತಪ್ಪಲ್ಲ. ಒಳಗಿನ ಬೇರಿಂಗ್ ಸವೆದು ಶಾಫ್ಟ್ ಅಲ್ಲಾಡುತ್ತಿದೆ, ಅಥವಾ ರಿಟರ್ನ್ ಹೋಸು ಎಲ್ಲೋ ಮಡಚಿ ಬಾಕ್ಸಿನೊಳಗೆ ಒತ್ತಡ ಕಟ್ಟಿದೆ.

ಹೋಸು ಎಕ್ಸಾಸ್ಟ್ ಹೆಡರಿನ ಪಕ್ಕ ಹಾದಿದ್ದರೆ ಸೋರಿಕೆಯನ್ನು ಒಂದು ದಿನವೂ ಮುಂದಕ್ಕೆ ಹಾಕಬೇಡಿ. ಬಿಸಿ ಹೆಡರಿಗೆ ಸಿಡಿದ ಎಣ್ಣೆಗೆ ಬೆಂಕಿ ಹತ್ತುತ್ತದೆ.

## ಬೇರೆ ಬೇರೆ ಗಾಡಿಯ ಪಾರ್ಟು ಕೂಡಿಸುವಾಗ

ಹಳೇ ಪಂಪಿನ ಹೋಸು ಹೊಸ ಬಾಕ್ಸಿಗೆ ಕೂರುತ್ತೆ, ಆದರೆ ಎಷ್ಟು ಬಿಗಿಸಿದರೂ ಸೋರುತ್ತೆ. ಯಾಕೆ?

ಸುಮಾರು 1980ಕ್ಕೆ ಮುಂಚಿನ ಜಿಎಂ ಸಾಮಾನು ಇಂಚಿನ ಎಳೆಯ ಫ್ಲೇರ್ ಫಿಟ್ಟಿಂಗ್: 5/8-18 ಮತ್ತು 11/16-18. ಅಲ್ಲಿ ಪೈಪಿನ ಅರಳಿಸಿದ ತುದಿ ಒಳಗಿನ ಹಿತ್ತಾಳೆ ಸೀಟಿನ ಮೇಲೆ ಕೂತು ಸೀಲ್ ಆಗುತ್ತದೆ. ಆಮೇಲಿನದು ಮೆಟ್ರಿಕ್ ಓ-ರಿಂಗ್: 16 ಮತ್ತು 18 ಮಿ.ಮೀ., 1.5 ಪಿಚ್. 5/8 ಇಂಚು ಎಂದರೆ 15.9 ಮಿ.ಮೀ. ಆದ್ದರಿಂದ 16 ಮಿ.ಮೀ. ರಂಧ್ರದಲ್ಲಿ ಮೊದಲ ಎರಡು ಸುತ್ತು ಸರಾಗವಾಗಿ ಹೋಗುತ್ತದೆ. ಅಲ್ಲೇ ಎಲ್ಲರೂ ಮೋಸ ಹೋಗುವುದು. ಪಾನಾ ಹಾಕಿ ಎಳೆದರೆ ಬಾಕ್ಸಿನ ಎಳೆ ಹಾಳು.

ಕೈಯಲ್ಲಿ ಪೂರ್ತಿ ತಿರುಗದ ಫಿಟ್ಟಿಂಗನ್ನು ಬಲವಂತ ಮಾಡಬೇಡಿ. ಟಾರ್ಚ್ ಹಿಡಿದು ರಂಧ್ರದೊಳಗೆ ನೋಡಿ: ಮಧ್ಯೆ ತೂತಿರುವ ಮೊನಚು ಸೀಟು ಕಂಡರೆ ಫ್ಲೇರ್, ನುಣುಪಾದ ಗುಂಡಿ ಕಂಡರೆ ಓ-ರಿಂಗ್. ಪಂಪಿನ ತುದಿ ಒಂದು ಬಗೆ, ಬಾಕ್ಸಿನ ತುದಿ ಇನ್ನೊಂದು ಬಗೆ ಎಂದು ಬರೆದುಕೊಂಡು ಹೋಸು ಮಾಡಿಸಿ. ಒತ್ತಡದ ಹೋಸಿಗೆ ಟೆಫ್ಲಾನ್ ಒಳಪದರದ್ದನ್ನೋ ಪವರ್ ಸ್ಟೀರಿಂಗಿಗೆಂದೇ ಒತ್ತಿ ಮಾಡಿದ ರಬ್ಬರಿನದನ್ನೋ ಮಾತ್ರ ಬಳಸಿ. ಸ್ಕ್ರೂ ಕ್ಲಾಂಪು ರಿಟರ್ನ್ ಕಡೆಗೆ ಮಾತ್ರ.

ಎಲ್‌ಎಸ್ ಎಂಜಿನ್ (ಜಿಎಂನ ಹೊಸ ಕಾಲದ ವಿ-8) ಹಾಕಿದೆ. ಪಂಪಿನ ಟ್ಯಾಂಕ್ ಬೇರೆ ಕಡೆ ಇಟ್ಟ ಮೇಲೆ ಸದ್ದು ನಿಲ್ಲುತ್ತಿಲ್ಲ.

ಟ್ಯಾಂಕ್ ಪಂಪಿಗಿಂತ ಎತ್ತರದಲ್ಲಿರಬೇಕು. ಎಣ್ಣೆ ತನ್ನ ಭಾರಕ್ಕೆ ತಾನೇ ಪಂಪಿಗೆ ಇಳಿಯಬೇಕು, ಪಂಪು ಎಳೆದುಕೊಳ್ಳುವಂತಾಗಬಾರದು. ಟ್ಯಾಂಕಿನಿಂದ ಪಂಪಿಗೆ 5/8 ಇಂಚಿನ, ಅಂದರೆ ಎಎನ್ 10ರ (ಎಎನ್ ಎಂಬುದು ಹೋಸಿನ ಅಳತೆಯ ಸಂಖ್ಯೆ, ಇಂಚಿನ 16ನೇ ಭಾಗಗಳ ಲೆಕ್ಕ) ಹೋಸು ಬೇಕು. ಚೆಂದಕ್ಕೆಂದು ಮೂರೂ ಹೋಸನ್ನು ಎಎನ್ 6ರಲ್ಲೇ ಮಾಡಿದರೆ ಪಂಪಿಗೆ ಎಣ್ಣೆ ಸಾಲದೆ ಅರಚುತ್ತದೆ. ಒತ್ತಡದ ಹೋಸಿಗೂ ರಿಟರ್ನಿಗೂ ಎಎನ್ 6 ಸಾಕು. ಪಂಪಿನ ಬುಡದಲ್ಲಿ ಚೂಪಾದ 90 ಡಿಗ್ರಿ ಎಲ್ಬೋ ಬದಲು ಬಾಗಿದ ಕೊಳವೆ ಹಾಕಿ. ಟ್ಯಾಂಕಿನಲ್ಲಿ ರಿಟರ್ನ್ ಬಾಯಿ ಎಣ್ಣೆಯ ಮಟ್ಟಕ್ಕಿಂತ ಕೆಳಗಿರಲಿ.

ಪುಲ್ಲಿಯನ್ನೂ ಒಮ್ಮೆ ನೋಡಿ. ಪ್ರೆಸ್ ಮಾಡಿ ಕೂರಿಸುವ ಪುಲ್ಲಿಯನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿದ್ದರೆ ಆ ಪೆಟ್ಟು ಶಾಫ್ಟಿನ ಮೂಲಕ ಪಂಪಿನ ಒಳಗಿನ ತಟ್ಟೆಗೇ ಬಿದ್ದಿರುತ್ತದೆ. ಅಂಥ ಪಂಪು ಮೊದಲ ದಿನದಿಂದಲೇ ಸದ್ದು ಮಾಡುತ್ತದೆ. ಪುಲ್ಲಿ ಕೂರಿಸುವ ಸಾಧನ ಬಿಡಿಭಾಗದ ಅಂಗಡಿಗಳಲ್ಲಿ ಬಾಡಿಗೆಗೇ ಸಿಗುತ್ತದೆ. ಪುಲ್ಲಿಗಳು ಒಂದೇ ಗೆರೆಯಲ್ಲಿರಬೇಕು. 1/16 ಇಂಚಿಗಿಂತ ಹೆಚ್ಚು ಆಚೀಚೆ ಇದ್ದರೆ ಬೆಲ್ಟು ಹಾರುತ್ತದೆ.

ಸ್ಟೀರಿಂಗ್ ಒಂದು ಸುತ್ತು ತಿರುಗಿಸಿದರೆ ಎರಡು ಕಡೆ ಬಿಗಿ, ಎರಡು ಕಡೆ ಸಡಿಲ. ಬಾಕ್ಸ್ ಕೆಟ್ಟಿದೆಯಾ?

ಬಾಕ್ಸ್ ಅಲ್ಲ, ಕಾಲಮ್ಮಿನಿಂದ ಬಾಕ್ಸಿಗೆ ಹೋಗುವ ಶಾಫ್ಟಿನ ಯೂನಿವರ್ಸಲ್ ಜಾಯಿಂಟು. ಓರೆಯಲ್ಲಿ ತಿರುಗುವ ಯೂ-ಜಾಯಿಂಟ್ ಒಂದು ಸುತ್ತಿನಲ್ಲಿ ಎರಡು ಸಲ ವೇಗ ಪಡೆದು ಎರಡು ಸಲ ಕಳೆದುಕೊಳ್ಳುತ್ತದೆ. ಎರಡು ಜಾಯಿಂಟ್ ಇದ್ದು, ನಡುವಿನ ಶಾಫ್ಟಿನ ಎರಡೂ ತುದಿಯ ಕವೆಗಳು ಒಂದೇ ಗೆರೆಯಲ್ಲಿದ್ದು, ಓರೆಯೂ ಎರಡರಲ್ಲಿ ಸಮವಿದ್ದರೆ ಒಂದರ ಏರುಪೇರನ್ನು ಇನ್ನೊಂದು ಅಳಿಸುತ್ತದೆ. ಕವೆಗಳು 90 ಡಿಗ್ರಿ ತಿರುಗಿ ಕೂತಿದ್ದರೆ ಏರುಪೇರು ಕೂಡಿಕೊಂಡು ದುಪ್ಪಟ್ಟಾಗುತ್ತದೆ. ಶಾಫ್ಟ್ ಬಿಚ್ಚಿ ಮೇಜಿನ ಮೇಲಿಟ್ಟು ನೋಡಿದರೆ ಸಾಕು, ತಪ್ಪು ತಕ್ಷಣ ಕಾಣುತ್ತದೆ.

ಒಂದು ಜಾಯಿಂಟಿನ ಓರೆ 35 ಡಿಗ್ರಿ ದಾಟಬಾರದು. ಮೂರು ಜಾಯಿಂಟ್ ಬೇಕಾದರೆ ನಡುವೆ ಚಾಸಿಗೆ ಬಿಗಿದ ಆಧಾರದ ಬೇರಿಂಗ್ ಕಡ್ಡಾಯ. ಅದಿಲ್ಲದಿದ್ದರೆ ಶಾಫ್ಟ್ ನಡುವಿನಲ್ಲೇ ಕುಣಿಯುತ್ತದೆ, ಚಕ್ರ ತಿರುಗುವುದಿಲ್ಲ.

ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಸ್ಟೀರಿಂಗ್ ತಾನಾಗೇ ಒಂದು ಕಡೆ ತಿರುಗುತ್ತೆ. ಓಡಿಸಬಹುದಾ?

ಖಂಡಿತ ಬೇಡ. ಬಾಕ್ಸಿನ ಒಳಗಿನ ವಾಲ್ವು ನಡುವಿನಲ್ಲಿಲ್ಲ. ಯಾರೋ ಸದಾ ಒಂದು ಕಡೆ ತಿರುಗಿಸುತ್ತಿದ್ದಾರೆ ಎಂದು ಭಾವಿಸಿ ಅದು ನೆರವು ಕೊಡುತ್ತಿದೆ. ತಪ್ಪು ಬಾಕ್ಸಿನದೋ ಕಾಲಮ್ಮಿನದೋ ತಿಳಿಯಲು ಮುಂಭಾಗ ಎತ್ತಿ, ಬಾಕ್ಸಿನ ಕಪ್ಲಿಂಗ್ ಬಿಚ್ಚಿ ಬೇರೆ ಮಾಡಿ, ಕೈ ದೂರವಿಟ್ಟು ಸ್ಟಾರ್ಟ್ ಮಾಡಿಸಿ. ಕಪ್ಲಿಂಗ್ ಇಲ್ಲದೆಯೂ ಬಾಕ್ಸ್ ತಿರುಗಿದರೆ ವಾಲ್ವು ಕೆಟ್ಟಿದೆ, ಬಾಕ್ಸನ್ನು ರಿಪೇರಿಗೆ ಕಳಿಸಿ. ಸುಮ್ಮನಿದ್ದರೆ ಕಾಲಮ್ಮಿನ ಶಾಫ್ಟ್ ಬಾಕ್ಸಿನ ಮೂತಿಯನ್ನು ಒಳಕ್ಕೆ ಒತ್ತುತ್ತಿದೆ ಅಥವಾ ಪಕ್ಕಕ್ಕೆ ತಳ್ಳುತ್ತಿದೆ.

ಈ ಎರಡನೆಯದು ಮಾಡಿಫೈ ಗಾಡಿಗಳಲ್ಲಿ ತುಂಬ ಸಾಮಾನ್ಯ. ಪವರ್ ಬಾಕ್ಸು ಮ್ಯಾನ್ಯುಯಲ್ ಬಾಕ್ಸಿಗಿಂತ ಉದ್ದ. ಕಾಲಮ್ಮನ್ನು ಕತ್ತರಿಸದೆ ಒತ್ತಿ ಕೂರಿಸಿರುತ್ತಾರೆ, ರಬ್ಬರ್ ಡಿಸ್ಕಿನ ಕಪ್ಲಿಂಗ್ ಡೊಂಕಾಗಿ ನಿಂತಿರುತ್ತದೆ. ಡಿಸ್ಕು ಚಪ್ಪಟೆಯಾಗಿ ನಿಲ್ಲುವಂತೆ ಮಾಡಿ, ಶಾಫ್ಟಿಗೆ ಸ್ವಲ್ಪ ಜಾರುವ ಅವಕಾಶ ಇಡಿ. ಓಡುವಾಗ ಕ್ಯಾಬು, ಚಾಸಿ ಬೇರೆ ಬೇರೆಯಾಗಿ ಅಲ್ಲಾಡುತ್ತವೆ. ಆ ಅಲ್ಲಾಟ ಬಾಕ್ಸಿಗೆ ಮುಟ್ಟಬಾರದು.

ಸ್ಟಾರ್ಟ್ ಮಾಡಿದಾಗ ಸುಮ್ಮನಿದ್ದು ರಸ್ತೆಯಲ್ಲಿ ಮಾತ್ರ ಒಂದು ಕಡೆ ಎಳೆದರೆ ಮೊದಲು ಮುಂದಿನ ಎರಡು ಟೈರು ಅದಲುಬದಲು ಮಾಡಿ. ಎಳೆತವೂ ಪಕ್ಕ ಬದಲಿಸಿದರೆ ಟೈರಿನದೇ ದೋಷ.

## ರಸ್ತೆಯ ಮೇಲೆ

ಮಸ್ಟ್ಯಾಂಗ್-2 ರ‍್ಯಾಕ್ ಹಾಕಿದ ಮೇಲೆ ಒಂದು ಬೆರಳಲ್ಲಿ ತಿರುಗುತ್ತೆ, ಆದರೆ ಹೈವೇಲಿ ಹೆದರಿಕೆ ಆಗುತ್ತೆ. ಏನು ಮಾಡಲಿ?

ಮಸ್ಟ್ಯಾಂಗ್-2 ಚಿಕ್ಕ ಕಾರು. ಅದರ ರ‍್ಯಾಕಿಗೆ ಬೇಕಾದ್ದು ಸಾವಿರ ಪಿಎಸ್‌ಐ ಒಳಗಿನ ಒತ್ತಡ, ನಿಮಿಷಕ್ಕೆ ಎರಡು, ಎರಡೂವರೆ ಗ್ಯಾಲನ್ ಎಣ್ಣೆ. ಜಿಎಂ ಟ್ರಕ್ಕಿನ ಪಂಪು ಕೊಡುವುದು 1,200ರಿಂದ 1,500 ಪಿಎಸ್‌ಐ, ಎಣ್ಣೆಯೂ ಅದಕ್ಕಿಂತ ಹೆಚ್ಚು. ಹಾಗಾಗಿ ಕೈ ಸೋಕಿದರೆ ಸಾಕು, ಗಾಡಿ ಲೇನ್ ದಾಟುತ್ತದೆ.

ಇಲ್ಲಿ ಒತ್ತಡ ಬೇರೆ, ಹರಿವು ಬೇರೆ ಎನ್ನುವುದು ಗೊತ್ತಿರಬೇಕು. ಪಂಪಿನ ಗರಿಷ್ಠ ಒತ್ತಡ ಕೆಲಸಕ್ಕೆ ಬರುವುದು ಪಾರ್ಕಿಂಗ್‌ನಲ್ಲಿ, ಸ್ಟೀರಿಂಗ್ ತುದಿ ಮುಟ್ಟಿದಾಗ. ಹೈವೇಯಲ್ಲಿ ಕೈಗೆ ಸಿಗುವ ಅನುಭವವನ್ನು ಹೆಚ್ಚಾಗಿ ನಿರ್ಧರಿಸುವುದು ಹರಿವು. ಸ್ಯಾಗಿನಾ ಪಂಪಿನಲ್ಲಿ ಹರಿವನ್ನು ಅಳೆದು ಬಿಡುವುದು ಒತ್ತಡದ ಹೋಸು ಕೂರುವ ಫಿಟ್ಟಿಂಗಿನ ಒಳಗಿರುವ ಸಣ್ಣ ತೂತು. ಆ ಫಿಟ್ಟಿಂಗ್ ಬಿಸಾಡಿ ಸಾದಾ ಅಡಾಪ್ಟರ್ ಹಾಕಿದರೆ ಹರಿವಿಗೆ ಲಗಾಮೇ ಇರುವುದಿಲ್ಲ. ಒಳ್ಳೇ ರ‍್ಯಾಕು, ಒಳ್ಳೇ ಪಂಪು ಇಟ್ಟುಕೊಂಡು ಒದ್ದಾಡುವ ಎಷ್ಟೋ ಗಾಡಿಗಳಲ್ಲಿ ತಪ್ಪಿರುವುದು ಇಲ್ಲಿ.

ಸರಿಯಾದ ದಾರಿ ಎಂದರೆ ರ‍್ಯಾಕಿಗೆ ತಕ್ಕ ತೂತಿನ ಫಿಟ್ಟಿಂಗ್ ತರಿಸಿ ಹಾಕುವುದು. ಬಿಚ್ಚುವಾಗ ಹಿಂದಿರುವ ವಾಲ್ವು ಮತ್ತು ಸ್ಪ್ರಿಂಗ್ ಹೊರಗೆ ಚಿಮ್ಮುತ್ತವೆ, ಕೈ ಅಡ್ಡ ಹಿಡಿಯಿರಿ. ಒತ್ತಡವನ್ನೂ ಇಳಿಸಬೇಕಿದ್ದರೆ ಆ ವಾಲ್ವಿನ ತುದಿಯ ಆರು ಮೂಲೆಯ ಪ್ಲಗ್ಗಿನ ಕೆಳಗೆ ತೆಳು ಶಿಮ್ (ತಗಡಿನ ಬಿಲ್ಲೆ) ಸೇರಿಸುತ್ತಾರೆ. ಶಿಮ್ ಹೆಚ್ಚಿದಷ್ಟೂ ಸ್ಪ್ರಿಂಗ್ ಸಡಿಲಾಗಿ ಒತ್ತಡ ಇಳಿಯುತ್ತದೆ. ಒಂದೊಂದೇ ಹಾಕಿ ಗೇಜಿನಲ್ಲಿ ನೋಡಿ. ಹೋಸಿನ ನಡುವೆ ಕೂರಿಸುವ, ತಿರುಪಿ ಹೊಂದಿಸುವ ವಾಲ್ವುಗಳೂ ಸಿಗುತ್ತವೆ; ರ‍್ಯಾಕು ಯಾವುದೆಂದೇ ಗೊತ್ತಿಲ್ಲದವರಿಗೆ ಅವು ಅನುಕೂಲ.

ತಿರುವು ಮುಗಿದ ಮೇಲೆ ಸ್ಟೀರಿಂಗ್ ನೇರಕ್ಕೆ ಬರಲ್ಲ, ಕೈಯಲ್ಲಿ ತರಬೇಕು.

ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷದ ಓರೆ) ಸಾಲದು. ಮ್ಯಾನ್ಯುಯಲ್ ಸ್ಟೀರಿಂಗ್ ಕಾಲದಲ್ಲಿ ಕೈ ಹಗುರವಾಗಲೆಂದು ಕ್ಯಾಸ್ಟರ್ ಕಡಿಮೆ ಇಡುತ್ತಿದ್ದರು. ಪವರ್ ಸ್ಟೀರಿಂಗಿಗೆ ಆ ಲೆಕ್ಕ ನಡೆಯುವುದಿಲ್ಲ. ತಗ್ಗಿಸಿದ, ರೇಡಿಯಲ್ ಟೈರಿನ ಸಿ-10ಕ್ಕೆ ಧನ 3ರಿಂದ 5 ಡಿಗ್ರಿ ಕ್ಯಾಸ್ಟರ್, ಸೊನ್ನೆಯಿಂದ ಋಣ ಅರ್ಧ ಡಿಗ್ರಿ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ಓರೆ), 1/16ರಿಂದ 1/8 ಇಂಚು ಟೋ-ಇನ್ (ಚಕ್ರಗಳ ಮುಂದಿನ ಅಂಚು ಒಳಕ್ಕೆ ಬಾಗಿರುವುದು) ಕೇಳಿ. ಅಲೈನ್‌ಮೆಂಟ್ ಅಂಗಡಿಯವರು ಕಂಪ್ಯೂಟರಿನಲ್ಲಿ 1970ರ ಫ್ಯಾಕ್ಟರಿ ಅಂಕಿ ತೆಗೆದು ಹಸಿರು ತೋರಿಸಿ ಕಳಿಸುತ್ತಾರೆ. ನಿಮ್ಮ ಅಂಕಿಗಳನ್ನು ಕಾಗದದಲ್ಲಿ ಬರೆದು ಕೊಡಿ.

ಮೂತಿ ತಗ್ಗಿಸಿದಷ್ಟೂ ಕ್ಯಾಸ್ಟರ್ ಕಳೆಯುತ್ತದೆ, ಇದು ಬಹಳ ಜನರ ಗಮನಕ್ಕೆ ಬರುವುದಿಲ್ಲ. 1967ರಿಂದ 1972ರವರೆಗಿನ ಚಿಕ್ಕ ಬೆಡ್ಡಿನ ಸಿ-10ರ ವೀಲ್‌ಬೇಸ್ 115 ಇಂಚು. ಹಿಂಭಾಗಕ್ಕಿಂತ ಮುಂಭಾಗ 2 ಇಂಚು ಹೆಚ್ಚು ತಗ್ಗಿದರೆ ಚಾಸಿ ಸುಮಾರು 1 ಡಿಗ್ರಿ ವಾಲುತ್ತದೆ, ಕ್ಯಾಸ್ಟರಿನಲ್ಲಿ ಅದೇ 1 ಡಿಗ್ರಿ ಹೋಗುತ್ತದೆ. ಹಾಗಾಗಿ ಗಾಡಿಯ ಎತ್ತರ ಅಂತಿಮಗೊಳಿಸಿದ ಮೇಲೇ ಅಲೈನ್‌ಮೆಂಟ್ ಮಾಡಿಸಿ. ಮೇಲಿನ ಎ-ಆರ್ಮಿನ (ಚಕ್ರವನ್ನು ಚಾಸಿಗೆ ಹಿಡಿದಿಡುವ ಎ ಆಕಾರದ ತೋಳಿನ) ಮುಂದಿನ, ಹಿಂದಿನ ಬೋಲ್ಟುಗಳ ಶಿಮ್ ಬದಲಿಸಿ 3 ಡಿಗ್ರಿ ಸಿಗದಿದ್ದರೆ ಹೆಚ್ಚಿನ ಕ್ಯಾಸ್ಟರ್ ಸೇರಿಸಿಯೇ ಮಾಡಿದ ಕೊಳವೆಯ ಎ-ಆರ್ಮ್ ಹಾಕಬೇಕಾಗುತ್ತದೆ.

ಕ್ಯಾಸ್ಟರ್ ಸರಿಯಿದ್ದೂ ಬರದಿದ್ದರೆ ಪಿಟ್‌ಮನ್ ಆರ್ಮ್ ಬಿಚ್ಚಿ ಚಕ್ರಗಳನ್ನು ಕೈಯಲ್ಲಿ ತಿರುಗಿಸಿ. ಆಗಲೂ ಬಿಗಿಯಿದ್ದರೆ ಬಾಲ್ ಜಾಯಿಂಟುಗಳಿಗೆ ಗ್ರೀಸ್ ಹೋಗಿಲ್ಲ.

ಮಧ್ಯದಲ್ಲಿ ಎರಡು ಇಂಚು ಪ್ಲೇ ಇದೆ. ಬಾಕ್ಸಿನ ಮೇಲಿನ ಸ್ಕ್ರೂ ಬಿಗಿಸಿದರೆ ಸರಿ ಹೋಗುತ್ತೆ ಅಂತಾರೆ, ಮಾಡಲಾ?

ಮೊದಲು ಪ್ಲೇ ಎಲ್ಲಿದೆ ನೋಡಿ. ಚಕ್ರ ನೆಲದ ಮೇಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಓಡುತ್ತಿರಲಿ. ಒಬ್ಬರು ಸ್ಟೀರಿಂಗನ್ನು ಎಡಬಲಕ್ಕೆ ಸ್ವಲ್ಪವೇ ಅಲ್ಲಾಡಿಸುತ್ತಿರಲಿ. ಇನ್ನೊಬ್ಬರು ಮೇಲಿನಿಂದ ಕೆಳಗೆ ಬೆರಳಿಟ್ಟು ನೋಡುತ್ತಾ ಬನ್ನಿ. ರಬ್ಬರ್ ಡಿಸ್ಕಿನ ಎರಡು ಬದಿ ಒಟ್ಟಿಗೆ ತಿರುಗುತ್ತಿವೆಯಾ? ಬಾಕ್ಸ್ ಚಾಸಿಯ ಮೇಲೆ ಅಲ್ಲಾಡುತ್ತಿದೆಯಾ? ಐಡ್ಲರ್ ಆರ್ಮ್ ಮೇಲೆ ಕೆಳಗೆ ಏಳುತ್ತಿದೆಯಾ? ರ‍್ಯಾಕ್ ಆದರೆ ಅದರ ರಬ್ಬರ್ ಬುಶ್ಶಿನಲ್ಲಿ ಇಡೀ ರ‍್ಯಾಕೇ ಪಕ್ಕಕ್ಕೆ ಜಾರುತ್ತಿದೆಯಾ? ಹೆಚ್ಚಾಗಿ ಉತ್ತರ ಇಲ್ಲೇ ಸಿಗುತ್ತದೆ. 1973ರಿಂದ 1987ರ ಫೋರ್-ವೀಲ್ ಗಾಡಿಯಾದರೆ ಬಾಕ್ಸಿನ ಬೋಲ್ಟುಗಳ ಸುತ್ತ ಚಾಸಿ ಬಿರುಕು ಬಿಟ್ಟಿದೆಯಾ ಎಂದು ಕೊಳೆ ಉಜ್ಜಿ ನೋಡಿ. ಅವುಗಳಲ್ಲಿ ಅದು ಹೆಸರುವಾಸಿ ದೋಷ. ದೊಡ್ಡ ಟೈರು ಹಾಕಿದ್ದರೆ ಇನ್ನೂ ಬೇಗ.

ಬಾಕ್ಸಿನ ಒಳಗೇ ಪ್ಲೇ ಇದ್ದರೆ ಮಾತ್ರ ಸ್ಕ್ರೂ ಮುಟ್ಟಿ, ಅದೂ ಅಳತೆ ಇಟ್ಟು. ಪಿಟ್‌ಮನ್ ಆರ್ಮ್ ಬಿಚ್ಚಿ, ತುದಿಯಿಂದ ತುದಿಗೆ ಸುತ್ತು ಎಣಿಸಿ, ಅರ್ಧಕ್ಕೆ ತಂದು ನಿಲ್ಲಿಸಿ. ಇಂಚು-ಪೌಂಡಿನ ಟಾರ್ಕ್ ಪಾನಾದಿಂದ ನಡುವೆ ದಾಟಿಸುವಾಗ ಎಷ್ಟು ಬೇಕು ನೋಡಿ. ಓಡಿದ ಸ್ಯಾಗಿನಾ 800 ಬಾಕ್ಸಿನಲ್ಲಿ ನಡುವೆ ದಾಟುವಾಗಿನ ಬಿಗಿ ಬದಿಯಲ್ಲಿರುವುದಕ್ಕಿಂತ 4ರಿಂದ 5 ಇಂಚು-ಪೌಂಡ್ ಹೆಚ್ಚಿರಬೇಕು, ಒಟ್ಟು 14 ದಾಟಬಾರದು. ಈ ಬಾಕ್ಸುಗಳನ್ನು ಉದ್ದೇಶಪೂರ್ವಕವಾಗಿ ನಡುವಿನಲ್ಲಿ ಬಿಗಿಯಾಗಿ, ಬದಿಗಳಲ್ಲಿ ಸಡಿಲವಾಗಿ ಮಾಡಿರುತ್ತಾರೆ. ಬದಿಯಲ್ಲಿಟ್ಟು ಬಿಗಿಸಿದರೆ ನಡುವೆ ಬಂದಾಗ ಹಲ್ಲುಗಳು ಒಂದನ್ನೊಂದು ಅರೆಯುತ್ತವೆ, ಸ್ಟೀರಿಂಗ್ ನೇರಕ್ಕೆ ಬರುವುದೂ ನಿಲ್ಲುತ್ತದೆ. ಆರ್ಮ್ ವಾಪಸ್ ಹಾಕುವಾಗ ನಟ್ಟಿಗೆ 185 ಫುಟ್-ಪೌಂಡ್.

ಚಕ್ರ ನೇರ ನಿಂತಾಗ ಬಾಕ್ಸೂ ನಡುವಿನಲ್ಲೇ ಇರಬೇಕು. ಸ್ಟೀರಿಂಗ್ ವೀಲ್ ಸೊಟ್ಟಗಿದೆ ಎಂದು ಟೈ-ರಾಡ್ (ಕೊಂಡಿಯನ್ನು ಚಕ್ರಕ್ಕೆ ಜೋಡಿಸುವ ಸರಳು) ತಿರುಚಿ ನೇರ ಮಾಡಿದ ಗಾಡಿಗಳಲ್ಲಿ ಬಾಕ್ಸ್ ನಡುವಿನಿಂದ ಸರಿದು ಸದಾ ಸಡಿಲು ಜಾಗದಲ್ಲಿ ಓಡುತ್ತಿರುತ್ತದೆ.

ಗುಂಡಿಗೆ ಇಳಿದಾಗಲೆಲ್ಲ ಗಾಡಿ ಪಕ್ಕಕ್ಕೆ ಹಾರುತ್ತೆ. ಇದೂ ಪವರ್ ಸ್ಟೀರಿಂಗ್ ತೊಂದರೆಯಾ?

ಅಲ್ಲ, ಇದನ್ನು ಬಂಪ್ ಸ್ಟೀರ್ ಎನ್ನುತ್ತಾರೆ. ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದಾಗ ಎ-ಆರ್ಮು ಮತ್ತು ಟೈ-ರಾಡು ಬೇರೆ ಬೇರೆ ಕಮಾನಿನಲ್ಲಿ ಚಲಿಸಿ ಚಕ್ರದ ಟೋ ಬದಲಾಗುತ್ತದೆ. ತಗ್ಗಿಸಲು ಡ್ರಾಪ್ ಸ್ಪಿಂಡಲ್ (ಚಕ್ರದ ಅಚ್ಚನ್ನು ಮೇಲಕ್ಕೆ ಸರಿಸಿ ಮಾಡಿದ ಸ್ಪಿಂಡಲ್) ಬಳಸಿದರೆ ಆರ್ಮುಗಳ ಕೋನ ಮೂಲದಂತೆಯೇ ಉಳಿಯುತ್ತದೆ.

## ಇನ್ನೂ ಆಳಕ್ಕೆ

ಪಂಪು ಕೆಟ್ಟಿದೆಯೋ ಬಾಕ್ಸೋ ಅಂತ ಖಚಿತವಾಗಿ ಹೇಗೆ ತಿಳಿಯೋದು?

2,000 ಪಿಎಸ್‌ಐ ತೋರಿಸುವ ಗೇಜು, ಅದರ ಮುಂದೆ ಮುಚ್ಚುವ ವಾಲ್ವು ಇರುವ ಪರೀಕ್ಷಾ ಸೆಟ್ಟನ್ನು ಪಂಪು ಮತ್ತು ಬಾಕ್ಸಿನ ನಡುವೆ ಜೋಡಿಸಿ. ಗೇಜು ಪಂಪಿನ ಕಡೆಗಿರಬೇಕು. ಗಾಳಿ ತೆಗೆದು ಎಣ್ಣೆ ಬಿಸಿ ಮಾಡಿಕೊಳ್ಳಿ.

ವಾಲ್ವು ತೆರೆದು, ಐಡಲ್‌ನಲ್ಲಿ, ಸ್ಟೀರಿಂಗ್ ಮುಟ್ಟದೆ ನೋಡಿ: 80ರಿಂದ 125 ಪಿಎಸ್‌ಐ ಸಹಜ. 200 ದಾಟಿದರೆ ಹೋಸೋ ಕೂಲರೋ ಫಿಟ್ಟಿಂಗೋ ಎಲ್ಲೋ ಕಟ್ಟಿಕೊಂಡಿದೆ. ಈಗ ವಾಲ್ವನ್ನು ಪೂರ್ತಿ ಮುಚ್ಚಿ, ಗರಿಷ್ಠ ಓದಿಕೊಂಡು, ತಕ್ಷಣ ತೆರೆಯಿರಿ. ಮೂರು ಸಲ ಮಾಡಿ, ಪ್ರತಿ ಸಲವೂ 5 ಸೆಕೆಂಡಿನೊಳಗೆ. ಮೂರೂ ಓದು ಪಂಪಿಗೆ ಹೇಳಿದಷ್ಟಿದ್ದು, 50 ಪಿಎಸ್‌ಐ ಒಳಗೆ ಹೊಂದಿದರೆ ಪಂಪು ಗಟ್ಟಿಮುಟ್ಟಾಗಿದೆ. ಹೆಚ್ಚು ಇದ್ದೂ ಒಂದಕ್ಕೊಂದು ಹೊಂದದಿದ್ದರೆ ಪಂಪಿನ ಒಳಗಿನ ವಾಲ್ವು ಸಿಕ್ಕಿಕೊಳ್ಳುತ್ತಿದೆ, ಬಿಚ್ಚಿ ತೊಳೆಯಿರಿ. ಹೊಂದಿದರೂ ಕಡಿಮೆ ಇದ್ದರೆ ಪಂಪು ಸವೆದಿದೆ.

ಪಂಪು ಪಾಸಾದರೆ ವಾಲ್ವು ತೆರೆದೇ ಇಟ್ಟು ಸ್ಟೀರಿಂಗನ್ನು ಒಂದೊಂದು ತುದಿಗೂ ಮುಟ್ಟಿಸಿ. ಅಲ್ಲೂ ಅಷ್ಟೇ ಗರಿಷ್ಠ ಬರಬೇಕು. ಒಂದು ತುದಿಯಲ್ಲಾದರೂ ಬರದಿದ್ದರೆ ಬಾಕ್ಸಿನೊಳಗೆ ಎಣ್ಣೆ ನುಸುಳುತ್ತಿದೆ.

ಬೆಳಿಗ್ಗೆ ಚೆನ್ನಾಗಿರುತ್ತೆ, ಅರ್ಧ ಗಂಟೆ ಓಡಿದ ಮೇಲೆ ಗಟ್ಟಿ.

ಬಿಸಿಯಾದ ಎಣ್ಣೆ ತೆಳುವಾಗಿ, ಸವೆದ ಪಂಪು ಮತ್ತು ಬಾಕ್ಸಿನ ಸಂದುಗಳಲ್ಲಿ ನುಸುಳಿಹೋಗುತ್ತದೆ. ಮೇಲಿನ ಗೇಜು ಪರೀಕ್ಷೆಯನ್ನು ತಣ್ಣಗಿದ್ದಾಗ ಒಮ್ಮೆ, ಬಿಸಿಯಾದಾಗ ಒಮ್ಮೆ ಮಾಡಿ. ಪಾರ್ಟುಗಳು ಗಟ್ಟಿಯಿದ್ದರೆ ಹೆಡರಿನ ಶಾಖವೇ ಕಾರಣ. ಹೋಸಿಗೆ ಶಾಖದ ಕವಚ ಹಾಕಿ, ರಿಟರ್ನ್ ಲೈನಿನಲ್ಲಿ ಚಿಕ್ಕ ಕೂಲರ್ ಇಡಿ. ಕೂಲರನ್ನು ಒತ್ತಡದ ಲೈನಿನಲ್ಲಿ ಎಂದೂ ಹಾಕಬೇಡಿ, ಒಡೆದುಹೋಗುತ್ತದೆ.

ಹೈಡ್ರೋಬೂಸ್ಟ್ ಬ್ರೇಕ್ (ಸ್ಟೀರಿಂಗ್ ಪಂಪಿನ ಒತ್ತಡದಿಂದಲೇ ನೆರವು ಪಡೆಯುವ ಬ್ರೇಕ್) ಸೇರಿಸಿದ ಮೇಲೆ ಸ್ಟೀರಿಂಗ್ ತಿರುಗಿಸಿದರೆ ಬ್ರೇಕ್ ಹಿಡಿಯುತ್ತೆ. ಎಲ್ಲಿ ತಪ್ಪಿದೆ?

ರಿಟರ್ನ್ ಲೈನಿನಲ್ಲಿ. ಸರಿಯಾದ ಹಾದಿ ಇದು: ಪಂಪಿನಿಂದ ಬೂಸ್ಟರಿಗೆ, ಬೂಸ್ಟರಿನಿಂದ ಸ್ಟೀರಿಂಗ್ ಬಾಕ್ಸಿಗೆ, ಬಾಕ್ಸಿನಿಂದ ಟ್ಯಾಂಕಿಗೆ. ಬೂಸ್ಟರಿಗೆ ತನ್ನದೇ ಇನ್ನೊಂದು ರಿಟರ್ನ್ ಇದೆ. ಅದು ಬೇರೆಯಾಗಿಯೇ ಟ್ಯಾಂಕಿಗೆ ಹೋಗಬೇಕು. ಟ್ಯಾಂಕಿಗೆ ಒಂದೇ ಮೂತಿ ಇದೆ ಎಂದು ಎರಡನ್ನೂ ಟಿ ಆಕಾರದ ಜೋಡಣೆ ಹಾಕಿ ಸೇರಿಸಿದರೆ ಬಾಕ್ಸಿನ ರಿಟರ್ನ್ ಒತ್ತಡ ಬೂಸ್ಟರಿಗೆ ಹಿಮ್ಮುಖವಾಗಿ ತಟ್ಟಿ ಬ್ರೇಕ್ ತಾನಾಗಿ ಹಿಡಿಯುತ್ತದೆ. ಎರಡು ರಿಟರ್ನ್ ಮೂತಿ ಇರುವ ಟ್ಯಾಂಕ್ ಹಾಕಿ. ಲೈನ್ ಬಿಚ್ಚುವ ಮುಂಚೆ ಎಂಜಿನ್ ಆಫ್ ಮಾಡಿ ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ತುಳಿಯಿರಿ; ಬೂಸ್ಟರಿನ ಅಕ್ಯುಮುಲೇಟರಿನಲ್ಲಿ ಒತ್ತಡ ಉಳಿದಿರುತ್ತದೆ.

ಕಾರಿನ ಫಾಸ್ಟ್ ರೇಶಿಯೋ (ಕಡಿಮೆ ಸುತ್ತಿನಲ್ಲೇ ಪೂರ್ತಿ ತಿರುಗುವ) ಬಾಕ್ಸ್ ಹಾಕಿದೆ. ಈಗ ಯೂ-ಟರ್ನ್ ಮೊದಲಿನಷ್ಟು ಚಿಕ್ಕದಾಗಿ ಆಗಲ್ಲ.

ಕೆಲವು ಕಾರಿನ ಬಾಕ್ಸುಗಳ ಒಳಗೇ ತಡೆ ಇರುತ್ತದೆ. ಪಿಟ್‌ಮನ್ ಶಾಫ್ಟ್ ಟ್ರಕ್ಕಿನ ಬಾಕ್ಸಿನಷ್ಟು ದೂರ ತಿರುಗುವುದಿಲ್ಲ. ಹೊರಗಿನಿಂದ ನೋಡಿದರೆ ಬಾಕ್ಸುಗಳು ಒಂದೇ ಥರ. ಕೊಳ್ಳುವ ಮುಂಚೆ ಶಾಫ್ಟ್ ಎಷ್ಟು ಡಿಗ್ರಿ ತಿರುಗುತ್ತದೆ ಎಂದು ಕೋನಮಾಪಕ ಇಟ್ಟು ಅಳೆಯಿರಿ. ಉದ್ದದ ಪಿಟ್‌ಮನ್ ಆರ್ಮ್ ಹಾಕಿ ಸರಿದೂಗಿಸಬಹುದು, ಆದರೆ ಐಡ್ಲರ್ ಆರ್ಮೂ ಅಷ್ಟೇ ಉದ್ದವಿರಬೇಕು. ಇಲ್ಲದಿದ್ದರೆ ನಡುವಿನ ಕೊಂಡಿ ಓರೆಯಾಗಿ ಚಲಿಸಿ ಟೋ ಕೆಡುತ್ತದೆ.

ಹೋಸು, ಎಣ್ಣೆ ರಗಳೆಯೇ ಬೇಡ ಅಂತ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಹಾಕಿದರೆ?

ಹಾಕಬಹುದು. ಸ್ಯಾಟರ್ನ್ ವ್ಯೂ ಕಾರಿನ ಕಾಲಮ್ಮಿನ ಮೋಟರನ್ನು ಚಿಕ್ಕ ನಿಯಂತ್ರಕದೊಂದಿಗೆ ಬಳಸುವವರು ಅಮೆರಿಕದಲ್ಲಿ ಬಹಳ. ಮೋಟರ್ ಗರಿಷ್ಠ ಹೊತ್ತಿನಲ್ಲಿ ಸುಮಾರು 60 ಆಂಪಿಯರ್ ಎಳೆಯುವುದರಿಂದ ಹಳೇ ಚಿಕ್ಕ ಆಲ್ಟರ್ನೇಟರ್ ಸಾಲದು. 100 ಆಂಪಿಯರಿನದಾದರೂ ಬೇಕು, ಬ್ಯಾಟರಿಯಿಂದ ನೇರ ದಪ್ಪ ತಂತಿ, ಅದಕ್ಕೆ ತಕ್ಕ ಫ್ಯೂಸ್. ಜನ ಮರೆಯುವುದು ಬ್ರಾಕೆಟ್ಟನ್ನು. ಮೋಟರ್ ಶಾಫ್ಟನ್ನು ಒಂದು ಕಡೆ ತಿರುಗಿಸುವಷ್ಟೇ ಬಲದಿಂದ ತನ್ನ ಕವಚವನ್ನು ಇನ್ನೊಂದು ಕಡೆ ತಿರುಗಿಸಲು ನೋಡುತ್ತದೆ. ತೆಳು ಡ್ಯಾಶ್ ತಗಡಿಗೆ ಕಟ್ಟಿದರೆ ತಗಡೇ ತಿರುಚಿಕೊಳ್ಳುತ್ತದೆ. ಫೈರ್‌ವಾಲ್ ಮತ್ತು ಡ್ಯಾಶ್ ಎರಡಕ್ಕೂ ಗಟ್ಟಿ ಆಧಾರ ಕೊಡಿ. ಸವೆದ ಬಾಕ್ಸಿನ ಪ್ಲೇ ಇದರಿಂದ ಹೋಗುವುದಿಲ್ಲ.

ಊರಲ್ಲಿ ಹಳೇ ಮಹೀಂದ್ರಾ ಜೀಪ್ ಇದೆ. ಅದಕ್ಕೂ ಇದೇ ಬಾಕ್ಸ್ ಹಾಕಬಹುದಾ?

ಸಿ-10ರ ಬಾಕ್ಸ್ ಎಡಗೈ ಡ್ರೈವಿಂಗಿನ ಚಾಸಿಗೆ ಮಾಡಿದ್ದು. ಬಲಗೈ ಡ್ರೈವಿಂಗಿನ ಜೀಪಿಗೆ ಕೂರುವುದಿಲ್ಲ. ಭಾರತದಲ್ಲೇ ಸಿಗುವ ಬಲಗೈ ಬಾಕ್ಸು, ಪಂಪು ಹುಡುಕುವುದೇ ದಾರಿ. ಗಾಳಿ ತೆಗೆಯುವುದು, ಗೇಜು ಪರೀಕ್ಷೆ, ಯೂ-ಜಾಯಿಂಟಿನ ಲೆಕ್ಕ ಎಲ್ಲ ಹಾಗೆಯೇ. ಕ್ಯಾಸ್ಟರ್ ಮಾತ್ರ ಬೇರೆ ಬಗೆ: ಜೀಪಿನಲ್ಲಿ ಲೀಫ್ ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ 2ರಿಂದ 4 ಡಿಗ್ರಿಯ ಬೆಣೆ ಶಿಮ್ ಇಟ್ಟು ಹೊಂದಿಸುತ್ತಾರೆ. ಶಿಮ್ ಉಕ್ಕಿನದಿರಲಿ, ಅಲ್ಯೂಮಿನಿಯಂ ಶಿಮ್ ಒತ್ತಡಕ್ಕೆ ಒಡೆದು ಹೊರಬರುತ್ತದೆ. ಫೋರ್-ವೀಲ್ ಜೀಪಾದರೆ ಆಕ್ಸಲ್ ತಿರುಗಿದಷ್ಟು ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಬದಲಾಗುತ್ತದೆ, ಅದನ್ನೂ ಅಳೆದುಕೊಳ್ಳಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ಆದ್ದರಿಂದ ಕೆಲಸ ಶುರು ಮಾಡುವ ಮುಂಚೆ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.